ಮನೆ ತುಂಬ ಭತ್ತ, ಅತ್ತಿಗೆ ಮೈಯಲ್ಲಿ ರಕ್ತ 8.4. ಎಲ್ಲಿ ತಪ್ಪಿತು?

ಆಲೆಮನೆ ಹುಡುಗಿ (ಮದ್ದೂರು ಕಡೆಯವಳು, ಈಗ ಮೈಸೂರು)
ಆಗಸ್ಟ್ 11, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳದೆ ಓದಿ.

ನಿನ್ನೆ ಭಾನುವಾರ ಊರಿಗೆ ಹೋಗಿದ್ದೆ. ಶಾಲೆ ಹತ್ತಿರ ಆರೋಗ್ಯ ಶಿಬಿರ ಹಾಕಿದ್ದರು. ಬೇಡ ಬೇಡ ಅಂದರೂ ಅತ್ತಿಗೆಯನ್ನು ಎಳೆದುಕೊಂಡು ಹೋದೆ. ಬೆರಳು ಚುಚ್ಚಿ ನೋಡಿದರೆ ಹಿಮೋಗ್ಲೋಬಿನ್ 8.4. ಹೆಂಗಸರಿಗೆ 12 ಆದರೂ ಇರಬೇಕಂತೆ. ನರ್ಸ್ ಚೀಟಿಯಲ್ಲಿ ಬರೆದು ಅದರ ಕೆಳಗೆ ಎರಡು ಗೆರೆ ಎಳೆದರು. ಅತ್ತಿಗೆ ಚೀಟಿಯನ್ನು ನಾಲ್ಕಾಗಿ ಮಡಿಸಿ ಎಲೆಅಡಿಕೆ ಚೀಲಕ್ಕೆ ಸೇರಿಸಿದರು. "ಬುಡು ಕಣೆ, ನಾಟಿ ಮುಗೀಲಿ, ಆಮೇಕೆ ನೋಡ್ಕಂಡ್ರಾಯ್ತು" ಅಂದರು.

ನಮ್ಮದು ಮೂರು ಎಕರೆ. ಎಲ್ಲಾ ನಾಲೆ ನೀರು. ಎರಡೆಕರೆ ಕಬ್ಬು, ಒಂದೆಕರೆ ಭತ್ತ. ನಡುಮನೆಯಲ್ಲಿ ಹೋದ ವರ್ಷದ ಮೂಟೆ ಇನ್ನೂ ಇದೆ. ಎರಡು ಹಸು ಕರೆಯುತ್ತವೆ. ನಮ್ಮ ಮನೆಯಲ್ಲಿ ಯಾರೂ ಹಸಿದು ಮಲಗಿದ್ದಿಲ್ಲ.

ರಾತ್ರಿ ಊಟದ ಹೊತ್ತಿಗೆ ಸುಮ್ನೆ ಒಂದು ಕಡೆ ಕೂತು ನೋಡಿದೆ. ಅಪ್ಪನಿಗೆ, ಅಣ್ಣನಿಗೆ ಸೌಟನ್ನು ತಳಕ್ಕೆ ಬಿಟ್ಟು ಕಾಳು ಎತ್ತಿ ಎತ್ತಿ ಬಡಿಸಿದರು. ಆಮೇಲೆ ಮಕ್ಕಳಿಗೆ. ಆಮೇಲೆ ನನಗೆ, "ಅಪರೂಪಕ್ಕೆ ಬಂದಿದ್ದೀಯ" ಅಂತ. ಹಾಲು ಎರಡು ಹೊತ್ತೂ ಡೈರಿಗೆ ಹೋಗುತ್ತೆ, ಮನೆಗೆ ಉಳಿಯೋದು ಟೀಗೆ ಆಗುವಷ್ಟು. ಒಂಬತ್ತೂವರೆ ಮೇಲೆ ಅತ್ತಿಗೆ ಒಲೆ ಮುಂದೆ ಕೂತರು. ಮುದ್ದೆ ಮುಗಿದಿತ್ತು. ಪಾತ್ರೆಯಲ್ಲಿ ಉಳಿದ ತಿಳಿಸಾರಿಗೆ ಅನ್ನ ಕಲಸಿಕೊಂಡರು. ಉಂಡ ಕೂಡಲೇ ಒಂದು ಲೋಟ ಟೀ.

ನಮ್ಮ ಅಜ್ಜಿ ಇದ್ದಾಗ ನಾಲೆ ಏರಿ ಮೇಲ್ಗಡೆ ಒಂದು ತುಂಡು ಹೊಲ ರಾಗಿಗೇ ಇತ್ತು. ರಾಗಿ ನಡುವೆ ಅಕ್ಕಡಿ, ಅಂದರೆ ಜೊತೆಬೆಳೆಯ ಸಾಲು. ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ. ಯಾವ ಸಾಲಿಗೆ ಯಾವ ಕಾಳು ಅನ್ನೋದು ಅಜ್ಜಿಯ ಮಾತು, ತಾತ ಕೂರಿಗೆ ಹಿಡಿದು ಸುಮ್ಮನೆ ನಡೆಯುತ್ತಿದ್ದರು. ಬೀಜ ಬೂದಿಯಲ್ಲಿ ಕಲಸಿ ಮಡಕೆಯಲ್ಲಿಟ್ಟು ಬಾಯಿಗೆ ಸಗಣಿ ಮೆತ್ತುತ್ತಿದ್ದದ್ದೂ ಅವರೇ. ಬೋರ್ ಬಂತು, ಆ ಹೊಲವೂ ಕಬ್ಬಾಯಿತು. ಅಜ್ಜಿಯ ಸಾಲು ಹೋಯಿತು. ಈಗ ಕಾಳು ಅಂಗಡಿಯಿಂದ ಬರುತ್ತೆ. ಅಂಗಡಿಗೆ ದುಡ್ಡು ಕೊಡುವವರು ಅಣ್ಣ.

ಇನ್ನೊಂದು. ಹೋದ ವರ್ಷ ಅತ್ತಿಗೆ ಪಕ್ಕದ ಮನೆಯವರ ಜೊತೆ ಒಂದು ಕೃಷಿ ತರಬೇತಿಗೆ ಹೋಗಿದ್ದರು. ಹೆಸರು ಬರೆಸಲು ಹೋದರೆ "ಪಹಣಿ ಯಾರ ಹೆಸರಲ್ಲಿದೆ? ಯಜಮಾನರನ್ನು ಕಳಿಸಿ" ಅಂದರಂತೆ. ಅಣ್ಣ ಹೋದ. ಅಲ್ಲಿ ಹೇಳಿಕೊಟ್ಟದ್ದು ಬೀಜೋಪಚಾರ, ಬಿತ್ತುವ ಮೊದಲು ಬೀಜಕ್ಕೆ ಔಷಧಿ ಸವರುವುದು. ನಮ್ಮ ಮನೆಯಲ್ಲಿ ಬೀಜ ಮುಟ್ಟುವುದು ಅತ್ತಿಗೆ. ಅಣ್ಣನಿಗೆ ಕೊಟ್ಟ ಪೊಟ್ಟಣ ಇವತ್ತಿಗೂ ಕಿಟಕಿಯಲ್ಲಿದೆ.

ಇದೆಲ್ಲಾ ಒಂದಕ್ಕೊಂದು ಸೇರಿಕೊಂಡಿದೆ ಅಂತ ನನಗೆ ಅನಿಸುತ್ತೆ. ನಿಮ್ಮ ಕಡೆ ಹೇಗಿದೆ?


ಕಬ್ಬಿನಗದ್ದೆ (ಪಾಂಡವಪುರ)
ಆಗಸ್ಟ್ 11, ರಾತ್ರಿ 10.15

ತಂಗ್ಯವ್ವ, ತಪ್ಪು ತಿಳಿಯಬೇಡ. ನಾನೂ ಕಬ್ಬು ಬೆಳೆಯುವವನೇ. ನಾಟಿ ಹೆಂಗಸರದ್ದು, ಕಳೆ ಹೆಂಗಸರದ್ದು, ಹಸು ಹೆಂಗಸರದ್ದು. ಅವರಿಲ್ಲದೆ ವ್ಯವಸಾಯ ಎಲ್ಲಿದೆ? ಈಗ "ಮಹಿಳೆಯರನ್ನು ಕೃಷಿಯಲ್ಲಿ ಸೇರಿಸಿಕೊಳ್ಳಿ" ಅಂತ ಭಾಷಣ ಮಾಡುತ್ತಾರೆ. ಆಚೆ ಇದ್ದರೆ ತಾನೇ ಸೇರಿಸೋದು? ಗೃಹಲಕ್ಷ್ಮಿ 2000 ಬರುತ್ತೆ, ಬಸ್ಸು ಫ್ರೀ. ಇನ್ನೇನು ಬೇಕು? ರಕ್ತ ಕಡಿಮೆ ಆದರೆ ಟಾನಿಕ್ ಕುಡಿಸಿ, ಅದಕ್ಕೆ ಪಹಣಿ ಯಾಕೆ?


ಮೊದಲ ಬೆಂಚು
ಆಗಸ್ಟ್ 11, ರಾತ್ರಿ 10.18

ಅಣ್ಣ, ನಿಮ್ಮ ಮನೆಯಲ್ಲಿ ಕೊನೆಗೆ ಊಟ ಮಾಡೋರು ಯಾರು?


ಕಬ್ಬಿನಗದ್ದೆ
ಆಗಸ್ಟ್ 11, ರಾತ್ರಿ 10.31

ಅದು ಬೇರೆ ವಿಷಯ.


ಸರಸ್ವತಿಪುರಂ (ಮೈಸೂರು, ಆಹಾರ ಸಲಹೆ ಕೆಲಸ)
ಆಗಸ್ಟ್ 12, ಬೆಳಿಗ್ಗೆ 7.05

ಮೊದಲು ಆಲೆಮನೆ ಹುಡುಗಿಗೆ: ನಾಟಿ ಮುಗಿಯುವ ತನಕ ಕಾಯಬೇಡಿ. 8.4 ಅಂದರೆ ಸಣ್ಣದಲ್ಲ. ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಮುಟ್ಟಿನಲ್ಲಿ ಜಾಸ್ತಿ ಹೋಗುತ್ತಾ, ಜಂತುಹುಳ ಇದೆಯಾ ಅಂತಲೂ ನೋಡಬೇಕು, ಎಲ್ಲವನ್ನೂ ಊಟದ ಮೇಲೆ ಹಾಕೋಕೆ ಆಗಲ್ಲ. ಕಬ್ಬಿಣದ ಮಾತ್ರೆ ಕೊಟ್ಟರೆ ನಿಂಬೆ ಪಾನಕದ ಜೊತೆ ನುಂಗಲಿ. ಟೀ ಜೊತೆ ಬೇಡ, ಹಾಲಿನ ಜೊತೆಯೂ ಬೇಡ. ಊಟಕ್ಕೂ ಟೀಗೂ ನಡುವೆ ಒಂದು ಗಂಟೆಯಾದರೂ ಬಿಡಲಿ. ಉಂಡ ತಕ್ಷಣ ಕುಡಿಯುವ ಆ ಲೋಟ ಸೊಪ್ಪಿನಲ್ಲಿದ್ದ ಕಬ್ಬಿಣವನ್ನು ಸರಿಯಾಗಿ ಮೈಗೆ ಹತ್ತಲು ಬಿಡಲ್ಲ.

ನಿಮ್ಮ ಅತ್ತಿಗೆ ಒಬ್ಬರೇ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8 ಜನಕ್ಕೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5. ಇದು ಬರಗಾಲದ ಊರಿನ ಲೆಕ್ಕ ಅಲ್ಲ, ಅಕ್ಕಿ ಸಿಗುವ ರಾಜ್ಯದ ಲೆಕ್ಕ. ಹೊಟ್ಟೆ ತುಂಬೋದು ಬೇರೆ, ಮೈಗೆ ಬೇಕಾದ್ದು ಸಿಗೋದು ಬೇರೆ.

ರಾಗಿ ಬಗ್ಗೆ ಒಂದು ಮಾತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಷ್ಟೇ ಹಾಲಿಗಿಂತ ಎರಡೂವರೆ ಪಟ್ಟು ಮೇಲೆ. ಆದರೆ ರಾಗಿ ತಿಂದರೆ ರಕ್ತ ತಾನಾಗೇ ಏರುತ್ತೆ ಅನ್ನೋದು ತಪ್ಪು. ಅದರಲ್ಲಿರುವ ಕಬ್ಬಿಣ ಸುಲಭವಾಗಿ ಮೈಗೆ ಹತ್ತಲ್ಲ. ಮೊಳಕೆ ಕಟ್ಟಿ ಒಣಗಿಸಿ ಹಿಟ್ಟು ಮಾಡಿದರೆ ಎಷ್ಟೋ ವಾಸಿ. ಅದನ್ನೇ ನಮ್ಮ ಅಜ್ಜಿಯರು ಮಗುವಿಗೆ ರಾಗಿ ಸರಿ ಕಾಯಿಸುವಾಗ ಮಾಡುತ್ತಿದ್ದದ್ದು. ಇಲ್ಲಿ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲೂ ರಾಗಿ ಮಾಲ್ಟ್ ಮೇಲೆ ಕೆಲಸ ಆಗಿದೆ. ಮುದ್ದೆ ಜೊತೆ ಬಸ್ಸಾರು, ಮೇಲೆ ನಿಂಬೆ ಹಿಂಡಿಕೊಂಡರೆ ಅದೇ ಸರಿಯಾದ ತಟ್ಟೆ.


ನಿವೃತ್ತ ಸಹಾಯಕ (ಮೈಸೂರು)
ಆಗಸ್ಟ್ 12, ಬೆಳಿಗ್ಗೆ 8.50

ನಾನು ಮಂಡ್ಯ ಜಿಲ್ಲೆಯಲ್ಲಿ ಕೃಷಿ ಸಹಾಯಕನಾಗಿ ಕೆಲಸ ಮಾಡಿ ನಿವೃತ್ತನಾದವನು. ಈ ಮಗಳು ಬರೆದದ್ದು ಓದಿ ನಾಚಿಕೆಯಾಯಿತು. ಯಾಕೆ ಅಂದರೆ "ಯಜಮಾನರನ್ನು ಕಳಿಸಿ" ಅನ್ನುವ ಮಾತನ್ನು ನಾನೂ ಎಷ್ಟೋ ಸಲ ಹೇಳಿದ್ದೇನೆ.

ಹಿಂದಿನದ್ದು ಸ್ವಲ್ಪ ಹೇಳುತ್ತೇನೆ. ಕನ್ನಂಬಾಡಿ ಕಟ್ಟೆ ಕೆಲಸ 1911ರಲ್ಲಿ ಶುರುವಾಯಿತು. ಮೂವತ್ತರ ದಶಕಕ್ಕೆ ನಾಲೆ ನೀರು ಮಂಡ್ಯ, ಮದ್ದೂರು ಕಡೆಗೆ ಹರಿಯಿತು. ಮೊದಲು ಇರ್ವಿನ್ ನಾಲೆ ಅನ್ನುತ್ತಿದ್ದರು, ಈಗ ವಿಶ್ವೇಶ್ವರಯ್ಯ ನಾಲೆ. 1933ರಲ್ಲಿ ಸಕ್ಕರೆ ಕಾರ್ಖಾನೆಯೂ ಬಂತು. ಅದಕ್ಕೂ ಮುಂಚೆ ಇದು ರಾಗಿ ನಾಡು. ನೀರು ಬಂದದ್ದು ಭಾಗ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊಲ ಹೋಗಿ ಗದ್ದೆ ಆದಾಗ ಅಕ್ಕಡಿ ಕೂಡ ಹೋಯಿತು. ಆರು ಅಥವಾ ಎಂಟು ಸಾಲು ರಾಗಿಗೆ ಒಂದು ಸಾಲು ಅವರೆಯೋ ತೊಗರಿಯೋ ಇರುತ್ತಿತ್ತು. ಕಾಳಿನ ಗಿಡ ಮಣ್ಣಿಗೆ ಸಾರಜನಕ ಕೊಡುತ್ತಿತ್ತು, ಮಳೆ ಕೈಕೊಟ್ಟು ರಾಗಿ ಸೊರಗಿದರೂ ಅವರೆ ಹೇಗೋ ಕೈಗೆ ಸಿಗುತ್ತಿತ್ತು. ಆ ಸಾಲಿನ ಫಸಲು ಮಂಡಿಗೆ ಹೋಗುತ್ತಿರಲಿಲ್ಲ. ನೇರ ಅಡುಗೆಮನೆಗೆ.

ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ, ನಮ್ಮ ವಿ.ಸಿ. ಫಾರಂನಲ್ಲಿ ತಳಿ ವಿಜ್ಞಾನಿ ರಾಗಿ ಲಕ್ಷ್ಮಣಯ್ಯನವರು ಭಾರತದ ರಾಗಿಗೆ ಆಫ್ರಿಕದ ರಾಗಿ ಸೇರಿಸಿ ಇಂಡಾಫ್ ತಳಿಗಳನ್ನು ಮಾಡಿದರು. ಇಳುವರಿ ಎಲ್ಲಿಗೋ ಹೋಯಿತು. ಆ ಬೀಜ ಹಂಚಿದ ಕೈ ನಮ್ಮದು. ಹೆಮ್ಮೆ ಇದೆ. ಆದರೆ ನಾವು ಹಂಚಿದ್ದು ಗಂಡಸರಿಗೆ. ಸಭೆಯಲ್ಲಿ "ರೈತ ಬಾಂಧವರೇ" ಅಂತ ಶುರು ಮಾಡುತ್ತಿದ್ದೆವು. ಹೆಂಗಸರು ಬಾಗಿಲ ಸಂದಿಯಿಂದ ನೋಡಿ, ಆಮೇಲೆ ಟೀ ತಂದುಕೊಡುತ್ತಿದ್ದರು.

ರೈತರಿಗೆ ತರಬೇತಿ ಕೊಡುವ ಆತ್ಮಾ ಯೋಜನೆಯ ನಿಯಮದಲ್ಲೇ ಇದೆ, ಖರ್ಚಿನಲ್ಲಿ ಶೇ 30 ರೈತ ಮಹಿಳೆಯರಿಗೆ ಹೋಗಬೇಕು ಅಂತ. ಹಾಜರಿ ಪುಸ್ತಕದಲ್ಲಿ ಹೆಸರುಗಳೂ ಇರುತ್ತವೆ. ಆದರೆ ತರಬೇತಿ ಇಡುವುದು ಬೆಳಿಗ್ಗೆ 11ಕ್ಕೆ. ಆ ಹೊತ್ತಿಗೆ ಯಾವ ಹೆಂಗಸು ಬಿಡುವಾಗಿರುತ್ತಾಳೆ? ಮಧ್ಯಾಹ್ನ ಎರಡೂವರೆಯಿಂದ ನಾಲ್ಕು, ಹಸು ಕರೆಯುವ ಮೊದಲು. ಅದೊಂದೇ ಹೊತ್ತು. ಅದೂ ಅವರ ಬೀದಿಯಲ್ಲೇ, ದೇವಸ್ಥಾನದ ಜಗಲಿ ಮೇಲೆ. ಇದು ನನಗೆ ಗೊತ್ತಾದದ್ದು ಸೇವೆಯ ಕೊನೆಯ ಮೂರು ವರ್ಷದಲ್ಲಿ.


ಕೇಂದ್ರದ ಟೀಚರ್ (ಮಳವಳ್ಳಿ ತಾಲ್ಲೂಕು)
ಆಗಸ್ಟ್ 12, ಮಧ್ಯಾಹ್ನ 3.20

ನಾನು ಅಂಗನವಾಡಿ ಕಾರ್ಯಕರ್ತೆ. ಸರ್ ಹೇಳಿದ ಸಮಯದ ಮಾತು ನೂರಕ್ಕೆ ನೂರು ನಿಜ.

ಆದರೆ ಒಂದು ಜಗಳ ಇದೆ. ಎಲ್ಲರೂ ಬಂದು ಹೆಂಗಸರಿಗೆ ಇನ್ನೊಂದು ಕೆಲಸ ಹೇಳಿ ಹೋಗುತ್ತಾರೆ. ಕೈತೋಟ ಮಾಡಿ. ನುಗ್ಗೆ ನೆಡಿ. ಎರೆಹುಳು ಗೊಬ್ಬರ ಮಾಡಿ. ಅಣಬೆ ಬೆಳೆಯಿರಿ. ಮಾಡುವವರು ಯಾರು? ಬೆಳಿಗ್ಗೆ ಐದಕ್ಕೆ ಎದ್ದು ಸಗಣಿ ಬಾಚಿ, ಹಾಲು ಕರೆದು, ಮಕ್ಕಳ ಡಬ್ಬಿ ಕಟ್ಟಿ, ಎಂಟಕ್ಕೆ ಗದ್ದೆಗಿಳಿದು, ಸಂಜೆ ಮತ್ತೆ ಹುಲ್ಲಿನ ಹೊರೆ ಹೊತ್ತು ಬರುವವಳೇ ಅದನ್ನೂ ಮಾಡಬೇಕು. ನಮ್ಮ ಕೇಂದ್ರದ ವ್ಯಾಪ್ತಿಯಲ್ಲಿ ಕೈತೋಟಕ್ಕೆ ಬೀಜದ ಕಿಟ್ ಕೊಟ್ಟಿದ್ದರು. ಹನ್ನೆರಡು ಮನೆಯಲ್ಲಿ ಹಾಕಿದರು. ಬೇಸಿಗೆ ಹೊತ್ತಿಗೆ ಉಳಿದದ್ದು ಮೂರು. ಮೂರರಲ್ಲೂ ಒಂದೇ ಗುಟ್ಟು. ಪಾತ್ರೆ ತೊಳೆದ ನೀರು ತಾನಾಗೇ ಹರಿದು ಹೋಗುವ ಜಾಗದಲ್ಲಿ ಪಾತಿ ಇತ್ತು. ಕೊಡ ಹೊತ್ತು ನೀರು ಹಾಕಬೇಕಾದ ಮನೆಯಲ್ಲಿ ಒಂದೂ ಉಳಿಯಲಿಲ್ಲ.

ಅದಕ್ಕೇ ನಾನು ಹೇಳೋದು, ಹೆಂಗಸರನ್ನು ಕೃಷಿಯಲ್ಲಿ ಸೇರಿಸಿ ಅಂದರೆ ಅವರ ತಲೆ ಮೇಲೆ ಇನ್ನೊಂದು ಹೊರೆ ಇಡಿ ಅಂತ ಅಲ್ಲ. ಮೊದಲು ಒಂದು ಹೊರೆ ಇಳಿಸಿ. ಮೇವು ಕತ್ತರಿಸುವ ಯಂತ್ರ ಒಂದು ಬಂದರೆ ಎಷ್ಟು ಹೊತ್ತು ಉಳಿಯುತ್ತೆ ಗೊತ್ತಾ? ಕಳೆ ತೆಗೆಯುವ ಯಂತ್ರ ಬಾಡಿಗೆಗೆ ಸಿಗುತ್ತೆ, ಆದರೆ ಅದರ ಹಿಡಿ ಗಂಡಸರ ಎತ್ತರಕ್ಕೆ ಮಾಡಿದ್ದು. ನಮ್ಮೂರ ಅಕ್ಕ ಒಬ್ಬರು ಒಂದು ದಿನ ತಳ್ಳಿ, ಎರಡು ದಿನ ಭುಜ ಎತ್ತಲಿಲ್ಲ.


ಕಬ್ಬಿನಗದ್ದೆ
ಆಗಸ್ಟ್ 12, ಸಂಜೆ 6.40

ಟೀಚರಮ್ಮ ಹೇಳಿದ್ದು ಒಪ್ಪಿದೆ. ಮೇವು ಕತ್ತರಿಸುವ ಯಂತ್ರ ನಮ್ಮ ಮನೆಯಲ್ಲಿ ಇದೆ. ಆದರೆ ಅದಕ್ಕೆ ಸ್ವಿಚ್ ಹಾಕೋದು ನಾನೇ, ಇವಳಿಗೆ ಹೆದರಿಕೆ.


ಹಾಲಿನ ಲೆಕ್ಕ (ನಾಗಮಂಗಲ ತಾಲ್ಲೂಕು)
ಆಗಸ್ಟ್ 12, ರಾತ್ರಿ 8.15

ಹೆದರಿಕೆಯೋ, ಯಾರೂ ಹೇಳಿಕೊಟ್ಟಿಲ್ವೋ ಅಣ್ಣ? 😄

ನಾನು ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿ. ನಮ್ಮ ಸಂಘದಲ್ಲಿ ಪಾಸ್ ಪುಸ್ತಕ ಹೆಂಗಸಿನ ಹೆಸರಲ್ಲಿ, ಬಟವಾಡೆ ಹೆಂಗಸಿನ ಖಾತೆಗೆ, ಸರ್ಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನವೂ ಅದೇ ಖಾತೆಗೆ. ಶುರುವಿನಲ್ಲಿ ಗಂಡಸರು ಎಟಿಎಂ ಕಾರ್ಡ್ ಇಟ್ಟುಕೊಳ್ಳುತ್ತಿದ್ದರು. ಈಗ ಅರ್ಧದಷ್ಟು ಜನ ತಾವೇ ಇಟ್ಟುಕೊಂಡಿದ್ದಾರೆ. ಪೂರ್ತಿ ಅಂತ ಸುಳ್ಳು ಹೇಳಲ್ಲ.

ಕಬ್ಬಿನ ದುಡ್ಡು ವರ್ಷಕ್ಕೊಂದು ಸಲ ದೊಡ್ಡ ಗಂಟಾಗಿ ಬರುತ್ತೆ. ಸಾಲ, ಮದುವೆ, ಟ್ರ್ಯಾಕ್ಟರ್ ಕಂತು. ಅದು ಅಡುಗೆಮನೆ ಬಾಗಿಲು ನೋಡಲ್ಲ. ಹಾಲಿನ ದುಡ್ಡು ವಾರಕ್ಕೋ ಹದಿನೈದು ದಿನಕ್ಕೋ ಸಣ್ಣಸಣ್ಣದಾಗಿ ಬರುತ್ತೆ. ಅದರಲ್ಲಿ ಮೊಟ್ಟೆ, ಎಣ್ಣೆ, ಕಾಳು, ಮಗುವಿನ ಔಷಧಿ ಬರುತ್ತೆ. ಹೆಂಗಸಿನ ಕೈಗೆ ಯಾವ ದುಡ್ಡು ಬರುತ್ತೆ ಅನ್ನೋದನ್ನು ತಟ್ಟೆ ನೋಡಿ ಹೇಳಬಹುದು.

ಆದರೆ ಹಾಲಿನದ್ದೂ ಒಂದು ಮೋಸ ಇದೆ. ಫ್ಯಾಟ್ ಚೆನ್ನಾಗಿ ಬರಲಿ, ಲೆಕ್ಕ ಜಾಸ್ತಿ ಆಗಲಿ ಅಂತ ಕರೆದದ್ದೆಲ್ಲಾ ಕ್ಯಾನಿಗೆ ಸುರಿದು ಬಿಡುತ್ತಾರೆ. ಮನೆಯ ಮಗುವಿಗೆ ಟೀಯಲ್ಲಿ ಬಿಸ್ಕತ್ತು. ನಾವು ಒಂದು ನಿಯಮ ಮಾಡಲು ನೋಡಿದೆವು, ಮನೆಗೆ ಅರ್ಧ ಲೀಟರ್ ಇಟ್ಟುಕೊಂಡು ಉಳಿದದ್ದು ತನ್ನಿ ಅಂತ. ಯಾರು ಕೇಳುತ್ತಾರೆ? ಕೊನೆಗೆ ಲೆಕ್ಕದ ಪುಸ್ತಕದಲ್ಲಿ ಒಂದು ಕಾಲಂ ಹಾಕಿದೆ: "ಮನೆಗೆ ಎಷ್ಟು?" ಕ್ಯಾನ್ ಇಳಿಸುವಾಗ ಎಲ್ಲರ ಮುಂದೆ ಕೇಳುತ್ತೇನೆ. ಸೊನ್ನೆ ಅನ್ನಲು ನಾಚಿಕೆ ಪಟ್ಟುಕೊಂಡಾದರೂ ಒಂದು ಲೋಟ ಇಟ್ಟುಕೊಳ್ಳುತ್ತಿದ್ದಾರೆ.

ಜಮೀನು ಹೆಸರಲ್ಲಿ ಇಲ್ಲದವರಿಗೆ ಒಂದು ವಿಷಯ. ಕಿಸಾನ್ ಕ್ರೆಡಿಟ್ ಕಾರ್ಡ್ ಈಗ ಹೈನುಗಾರಿಕೆಗೂ ಇದೆ. ಸ್ವಂತ ಜಮೀನು ಇಲ್ಲದಿದ್ದರೂ ಹಸು ಇದ್ದರೆ ಅರ್ಜಿ ಹಾಕಬಹುದು. ಬ್ಯಾಂಕಿನಲ್ಲಿ ಮೊದಲ ಸಲ "ಪಹಣಿ ತನ್ನಿ" ಅಂದೇ ಅನ್ನುತ್ತಾರೆ. ಎದ್ದು ಬರಬೇಡಿ.


ತವರುಮನೆ (ಕೆ.ಆರ್. ಪೇಟೆ)
ಆಗಸ್ಟ್ 12, ರಾತ್ರಿ 11.02

ಪಹಣಿ ಯಾಕೆ ಅಂತ ಕಬ್ಬಿನಗದ್ದೆ ಅಣ್ಣ ಕೇಳಿದ್ದರಲ್ಲ, ನಾನು ಹೇಳುತ್ತೇನೆ.

ಅಪ್ಪ ತೀರಿಹೋದ ಹನ್ನೊಂದನೇ ದಿನಕ್ಕೆ ಅಣ್ಣಂದಿರು ಹಕ್ಕು ಬಿಡುಗಡೆ ಪತ್ರ ತಂದರು. "ಅರಿಶಿನ ಕುಂಕುಮಕ್ಕೆ ಕರೆಯುತ್ತೀವಲ್ಲವ್ವ, ತವರು ಬೇಡವಾ ನಿನಗೆ" ಅಂದರು. ಸಹಿ ಹಾಕಿದೆ. ಬಾಗಿನ ಬರುತ್ತೆ, ಗೌರಿ ಹಬ್ಬಕ್ಕೆ ಸೀರೆ ಬರುತ್ತೆ. ಆಗ ನನಗೆ ಕಾನೂನು ಗೊತ್ತಿರಲಿಲ್ಲ. ಈಗ ಗೊತ್ತು, ಬರೆದಿಡುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬಂದೀತು.

ಕರ್ನಾಟಕದಲ್ಲಿ 1994ರಲ್ಲೇ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟರು. ಆದರೆ ಅದಕ್ಕೂ ಮುಂಚೆ ಮದುವೆ ಆದವರನ್ನು ಬಿಟ್ಟಿದ್ದರು. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕೇಂದ್ರದ ತಿದ್ದುಪಡಿ ಬಂತು, ಮದುವೆ ಆದವರು ಆಗದವರು ಎಲ್ಲರಿಗೂ ಹುಟ್ಟಿನಿಂದಲೇ ಗಂಡುಮಕ್ಕಳಷ್ಟೇ ಹಕ್ಕು. ಅಪ್ಪ 2005ರಲ್ಲಿ ಬದುಕಿರಲೇಬೇಕು ಅಂತ ಇಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2004ರ ಡಿಸೆಂಬರ್ 20ಕ್ಕೂ ಮುಂಚೆ ನೋಂದಣಿಯಾದ ವಿಭಾಗ ಆಗಿ ಹೋಗಿದ್ದರೆ ಅದನ್ನು ಮುಟ್ಟುವ ಹಾಗಿಲ್ಲ.

ಸೊಸೆಯರ ಕಥೆ ಬೇರೆ. ಗಂಡ ಇರುವ ತನಕ ಅವನ ಜಮೀನಿನಲ್ಲಿ ಅವಳ ಹೆಸರು ಬರಬೇಕಾದರೆ ಮನೆಯವರೇ ಮನಸ್ಸು ಮಾಡಿ ಬರೆಸಬೇಕು. ಹೆಸರು ಇಲ್ಲ ಅಂದರೆ ಬೆಳೆ ಸಾಲ ಇಲ್ಲ, ಪಿಎಂ ಕಿಸಾನ್‌ನ ವರ್ಷದ 6000 ಇಲ್ಲ, ಬೆಂಬಲ ಬೆಲೆಗೆ ರಾಗಿ ಹಾಕಲು ಬೇಕಾದ ರೈತರ ನೋಂದಣಿಯ ಫ್ರೂಟ್ಸ್ ಸಂಖ್ಯೆ ಇಲ್ಲ. 2025-26ರಲ್ಲಿ ರಾಗಿಗೆ ಕ್ವಿಂಟಾಲಿಗೆ 4886 ರೂಪಾಯಿ ಬೆಂಬಲ ಬೆಲೆ ಇತ್ತು. ರಾಗಿ ಕೊಯ್ದವಳು ಯಾರು, ತೂರಿದವಳು ಯಾರು, ದುಡ್ಡು ಯಾರ ಖಾತೆಗೆ?

ದೇಶದಲ್ಲಿ ಹಳ್ಳಿಯಲ್ಲಿ ದುಡಿಯುವ ನಾಲ್ಕು ಹೆಂಗಸರಲ್ಲಿ ಮೂವರು ಕೃಷಿಯಲ್ಲೇ ಇದ್ದಾರೆ. ಆದರೆ 2015-16ರ ಕೃಷಿ ಗಣತಿಯಲ್ಲಿ ಹಿಡುವಳಿದಾರರ ಪೈಕಿ ಹೆಂಗಸರು ಶೇ 14ರ ಹತ್ತಿರ ಅಷ್ಟೇ. "ರೈತ" ಅಂದಾಗ ಕಣ್ಣ ಮುಂದೆ ಪಂಚೆ, ಟವೆಲ್ ಬರುವುದು ಸುಮ್ಮನೆ ಅಲ್ಲ.


ಮೊದಲ ಬೆಂಚು
ಆಗಸ್ಟ್ 13, ಬೆಳಿಗ್ಗೆ 9.12

ವಿಶ್ವಸಂಸ್ಥೆ 2026ನ್ನು ರೈತ ಮಹಿಳೆಯ ವರ್ಷ ಅಂತ ಘೋಷಿಸಿದೆ. ಭೂಮಿ, ಸಾಲ, ಗೊಬ್ಬರ, ತಿಳಿವಳಿಕೆ ಗಂಡಸರಷ್ಟೇ ಸಿಕ್ಕಿದರೆ ಹೆಂಗಸರ ಹೊಲದ ಇಳುವರಿ ಶೇ 20ರಿಂದ 30 ಏರುತ್ತೆ, ಹಸಿದವರ ಸಂಖ್ಯೆ 10ರಿಂದ 15 ಕೋಟಿ ಇಳಿಯಬಹುದು ಅಂತ ಅವರದೇ ಆಹಾರ ಮತ್ತು ಕೃಷಿ ಸಂಸ್ಥೆ 2011ರಲ್ಲೇ ಲೆಕ್ಕ ಹಾಕಿತ್ತು. ನಮ್ಮ ಕಾಲೇಜಿನಲ್ಲಿ ಇದರ ಮೇಲೆ ಪ್ರಬಂಧ ಸ್ಪರ್ಧೆ ಇದೆ. ನೀವು ಬರೆದದ್ದನ್ನೆಲ್ಲಾ ಎತ್ತಿಕೊಳ್ಳಲಾ?


ಕೇಂದ್ರದ ಟೀಚರ್
ಆಗಸ್ಟ್ 13, ಬೆಳಿಗ್ಗೆ 9.30

ಎತ್ತಿಕೊಳ್ಳಪ್ಪ. ಬಹುಮಾನ ಬಂದರೆ ಕೇಂದ್ರದ ಮಕ್ಕಳಿಗೆ ಕಡಲೆಮಿಠಾಯಿ ಕೊಡಿಸು.


ಕೂಲಿಯವಳ ಮಗ (ತಿ. ನರಸೀಪುರ)
ಆಗಸ್ಟ್ 13, ರಾತ್ರಿ 9.55

ಎಲ್ಲರೂ ಪಹಣಿ, ಪಾಲು, ಹಸು ಅಂತ ಮಾತಾಡುತ್ತಿದ್ದೀರಿ. ನಮ್ಮಮ್ಮನಿಗೆ ಗಂಡನ ಹೆಸರಲ್ಲೂ ಜಮೀನಿಲ್ಲ, ಅಪ್ಪನ ಹೆಸರಲ್ಲೂ ಇರಲಿಲ್ಲ. ಅವರ ಬಗ್ಗೆ ಎರಡು ಮಾತು.

ಅಮ್ಮ ನಾಟಿ, ಕಳೆ, ಕೊಯ್ಲು ಮಾಡಿ ನಮ್ಮನ್ನು ಸಾಕಿದರು. ಗದ್ದೆಯಿಂದ ಬರುವಾಗ ಮಡಿಲಲ್ಲಿ ಬೆರಕೆ ಸೊಪ್ಪು ಇರುತ್ತಿತ್ತು. ಅಣ್ಣೆ, ಗಣಿಕೆ, ಹೊನಗೊನ್ನೆ, ಕಿರಕಸಾಲೆ, ಗೋಣಿ. ಒಂದೊಂದು ಚಿಟಿಕೆ, ಒಟ್ಟು ಹತ್ತು ಹನ್ನೆರಡು ಥರ. ಬದುವಿನ ಸೊಪ್ಪು ಕಿತ್ತರೆ ಯಾರೂ ಬೇಡ ಅನ್ನುತ್ತಿರಲಿಲ್ಲ, ಅವರಿಗೂ ಕಳೆ ಹೋದ ಹಾಗೆ. ಅದೇ ರಾತ್ರಿಯ ಮಸೊಪ್ಪು. ಮೇಡಂ ಹೇಳಿದ ಆ ಸರಿಯಾದ ತಟ್ಟೆ ನಮ್ಮ ಮನೆಯಲ್ಲಿ ದಿನಾ ಇತ್ತು, ದುಡ್ಡಿಲ್ಲದೆ.

ಈಗ ಬದುವಿಗೂ ಕಳೆನಾಶಕ ಹೊಡೆಯುತ್ತಾರೆ. ಎರಡೇ ದಿನಕ್ಕೆ ಎಲ್ಲಾ ಹಳದಿ. ಹೋದ ವರ್ಷ ಅಮ್ಮ ಅಭ್ಯಾಸಬಲದಿಂದ ಬಗ್ಗಿ ಗಣಿಕೆ ಕೀಳಲು ಹೋದರು. ಮೂಸಿ ನೋಡಿ ಬಿಸಾಡಿದರು. ಕಳೆನಾಶಕ ಬಂದ ಮೇಲೆ ಕಳೆ ಕೂಲಿ ಹೋಯಿತು, ಸೊಪ್ಪೂ ಹೋಯಿತು. ನಾಟಿ ಯಂತ್ರ ಬಂದ ಕಡೆ ನಾಟಿ ಕೂಲಿಯೂ ಹೋಯಿತು. ಟೀಚರ್ ಹೇಳುವ ಹಾಗೆ ಹೊರೆ ಇಳಿಯಬೇಕು, ಸರಿ. ಆದರೆ ಜಮೀನುಳ್ಳ ಅಕ್ಕನಿಗೆ ಇಳಿದ ಹೊರೆ ನಮ್ಮಮ್ಮನಿಗೆ ಹೋದ ಕೂಲಿ.

ಕೂಲಿಯ ವಿಷಯಕ್ಕೆ ಬಂದರೆ, ನಮ್ಮೂರಲ್ಲಿ ಹೆಣ್ಣಾಳಿಗೆ 350, ಗಂಡಾಳಿಗೆ 600. ಒಂದೇ ಗದ್ದೆ, ಒಂದೇ ಬಿಸಿಲು. ಉದ್ಯೋಗ ಖಾತ್ರಿಯಲ್ಲಿ ಮಾತ್ರ ಇಬ್ಬರಿಗೂ ಒಂದೇ, 2025-26ರಲ್ಲಿ 370 ಇತ್ತು. ಆ ಕೆಲಸ ಇರುವ ದಿನ ಅಮ್ಮ ಬೇಗ ಎದ್ದು ತಲೆ ಬಾಚಿಕೊಳ್ಳುತ್ತಾರೆ.


ಆಲೆಮನೆ ಹುಡುಗಿ
ಆಗಸ್ಟ್ 13, ರಾತ್ರಿ 10.40

ತಮ್ಮ, ನೀನು ಬರೆದದ್ದು ಓದಿ ಸುಮ್ಮನೆ ಕೂತುಬಿಟ್ಟೆ. ನಮ್ಮ ಗದ್ದೆ ಬದುವಿಗೂ ಹೊಡೆಸುತ್ತಾರೆ. ನಾನು ಬರೆದಾಗ ನಮ್ಮ ಅಜ್ಜಿಯ ಸಾಲು ಮಾತ್ರ ನೆನಪಿತ್ತು. ಆ ಬದುವಿನಲ್ಲಿ ಸೊಪ್ಪು ಕೀಳುತ್ತಿದ್ದವರು ಯಾರು ಅಂತ ಯೋಚನೆ ಮಾಡಿರಲಿಲ್ಲ.


ನಿವೃತ್ತ ಸಹಾಯಕ
ಆಗಸ್ಟ್ 14, ಬೆಳಿಗ್ಗೆ 7.30

ಈ ಹುಡುಗ ಎತ್ತಿದ್ದು ಸರಿಯಾದ ಪ್ರಶ್ನೆ. ಜಮೀನಿಲ್ಲದ ಹೆಂಗಸರು ಸೇರಿ ಗುತ್ತಿಗೆಗೆ ಹಿಡಿದು ಬೆಳೆಯಲಿ ಅನ್ನುತ್ತಾರೆ. ಕೇರಳದಲ್ಲಿ ಹೆಂಗಸರ ಕುಟುಂಬಶ್ರೀ ಗುಂಪುಗಳು ಹಾಗೇ ತರಕಾರಿ, ಭತ್ತ, ಬಾಳೆ ಬೆಳೆಯುತ್ತಿವೆ. ನಮ್ಮಲ್ಲಿ 1974ರ ಭೂಸುಧಾರಣೆ ತಿದ್ದುಪಡಿ ಆದ ಮೇಲೆ ಜಮೀನು ಗೇಣಿಗೆ ಕೊಡುವುದಕ್ಕೇ ತಡೆ. ಉಳುವವನೇ ಒಡೆಯ ಅಂತ ಒಳ್ಳೆಯದಕ್ಕೇ ಮಾಡಿದ್ದು, ಎಷ್ಟೋ ಜನಕ್ಕೆ ಭೂಮಿ ಸಿಕ್ಕಿತು. ಆದರೆ ಇವತ್ತು ಆರು ಹೆಂಗಸರು ಅರ್ಧ ಎಕರೆ ಹಿಡಿದರೆ ಅದು ಬಾಯಿಮಾತಿನ ಗುತ್ತಿಗೆ. ಕಾಗದ ಇಲ್ಲ. ಕಾಗದ ಇಲ್ಲದೆ ಬೆಳೆ ಸಾಲವೂ ಇಲ್ಲ, ವಿಮೆಯೂ ಇಲ್ಲ. ಬೆಳೆ ಚೆನ್ನಾಗಿ ಬಂದರೆ ಮುಂದಿನ ವರ್ಷ ಒಡೆಯ ಬಿಡಿಸಿಕೊಳ್ಳುತ್ತಾನೆ.

ಹೆಂಗಸರ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದಲ್ಲಿ ಈಗ ಕೃಷಿ ಸಖಿ, ಪಶು ಸಖಿ ಅಂತ ಊರ ಹೆಂಗಸರನ್ನೇ ತಯಾರು ಮಾಡುತ್ತಿದ್ದಾರೆ. ಇದು ನನಗೆ ಇಷ್ಟವಾದ ಕೆಲಸ. ನಾನು ಬೈಕಿನಲ್ಲಿ ಹೋಗಿ ಹೇಳಿದರೆ ಕೇಳದ ಹೆಂಗಸು ಪಕ್ಕದ ಮನೆಯವಳು ಹೇಳಿದರೆ ಕೇಳುತ್ತಾಳೆ. ಪ್ರಶ್ನೆಯನ್ನೂ ಕೇಳುತ್ತಾಳೆ, ಅದು ಮುಖ್ಯ. ಊರಿನ ಒಕ್ಕೂಟದಲ್ಲಿ ಯಾರಿದ್ದಾರೆ ವಿಚಾರಿಸಿ.


ಕಬ್ಬಿನಗದ್ದೆ
ಆಗಸ್ಟ್ 14, ರಾತ್ರಿ 9.20

ಮೂರು ದಿನದಿಂದ ಓದುತ್ತಿದ್ದೇನೆ. ಇವಳಿಗೂ ಓದಿ ಹೇಳಿದೆ. ಪೂರ್ತಿ ಕೇಳಿ ಒಂದೇ ಮಾತು ಅಂದಳು: "ಹೊಸ ಕಬ್ಬಿನ ಸಾಲು ಮೂರು ತಿಂಗಳು ಖಾಲೀನೇ ಇರ್ತದಲ್ಲ." ನಿಜ. ಕಬ್ಬು ಮೇಲೇಳುವ ತನಕ ಸಾಲಿನ ನಡುವೆ ಬಿಸಿಲು ಬೀಳುತ್ತೆ. ಹೆಸರು, ಅಲಸಂದೆ ಹಾಕಬಹುದು. ಮಣ್ಣು ಏರಿಸುವ ಹೊತ್ತಿಗೆ ಕಿತ್ತುಕೊಂಡರಾಯಿತು. ನಾನು ಇಷ್ಟು ವರ್ಷ ಅಲ್ಲಿ ಕಳೆನಾಶಕ ಹೊಡೆಯುತ್ತಿದ್ದೆ.

ಒಂದು ಸಮಸ್ಯೆ. ಮೊದಲೇ ಗೊತ್ತಾಗದೆ ಔಷಧಿ ಹೊಡೆದುಬಿಟ್ಟರೆ ಕಾಳು ಗಿಡವೂ ಸುಟ್ಟುಹೋಗುತ್ತೆ. ಹಾಗಾಗಿ ಎಂಟು ಸಾಲಿಗೆ ಹೊಡೆಯಲ್ಲ ಅಂತ ಒಪ್ಪಿಕೊಂಡಿದ್ದೇನೆ. ಎಂಟೇ ಸಾಲು. ಪಹಣಿ ವಿಷಯ ಈಗಲೇ ಕೇಳಬೇಡಿ.


ಹಾಲಿನ ಲೆಕ್ಕ
ಆಗಸ್ಟ್ 14, ರಾತ್ರಿ 9.26

ಆ ಎಂಟು ಸಾಲಿನ ಕಾಳು ಮಾರಿದರೆ ದುಡ್ಡು ಯಾರಿಗೆ?


ಕಬ್ಬಿನಗದ್ದೆ
ಆಗಸ್ಟ್ 14, ರಾತ್ರಿ 9.29

ಅವಳಿಗೇ ಕಣ್ರವ್ವ. ಬಿಡಲ್ಲ ನೀವು.


ಆಲೆಮನೆ ಹುಡುಗಿ
ಡಿಸೆಂಬರ್ 14, ಸಂಜೆ 5.10

ತುಂಬ ದಿನ ಆಯಿತು, ಕೆಲವರು ಕೇಳುತ್ತಿದ್ದರು, ಅದಕ್ಕೆ ಬರೆಯುತ್ತಿದ್ದೇನೆ.

ಆ ವಾರವೇ ರಜೆ ಹಾಕಿ ಅತ್ತಿಗೆಯನ್ನು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಮುಟ್ಟಿನಲ್ಲಿ ಜಾಸ್ತಿ ಹೋಗುತ್ತಿತ್ತು, ಯಾರಿಗೂ ಹೇಳಿರಲಿಲ್ಲ. ಅದಕ್ಕೂ ಔಷಧಿ ಕೊಟ್ಟರು, ಜೊತೆಗೆ ಕಬ್ಬಿಣದ ಮಾತ್ರೆ. ಟೀ ಬಿಡಿಸುವುದೇ ದೊಡ್ಡ ಕಷ್ಟವಾಯಿತು. ಹೋದ ವಾರ ನೋಡಿಸಿದಾಗ 10.6. ಇನ್ನೂ 12 ಆಗಿಲ್ಲ.

ಅಣ್ಣನ ಹತ್ತಿರ ಜಮೀನಿನ ಜಂಟಿ ಖಾತೆ ಮಾತು ತೆಗೆದೆ. "ನಿನಗ್ಯಾಕೆ ಈಗ" ಅಂದ. ಅಪ್ಪ ಟಿವಿ ಸೌಂಡ್ ಜಾಸ್ತಿ ಮಾಡಿದರು. ಅಲ್ಲಿಗೆ ನಿಂತಿದೆ. ಆದರೆ ಊಟದ ಹೊತ್ತಿನಲ್ಲಿ ಒಂದು ಬದಲಾವಣೆ. ಅಣ್ಣನ ದೊಡ್ಡ ಮಗಳು, ಆರನೇ ಕ್ಲಾಸು, ಅಮ್ಮನ ತಟ್ಟೆ ಪಕ್ಕದಲ್ಲಿ ಇಲ್ಲದಿದ್ದರೆ ತಾನೂ ಉಣ್ಣಲ್ಲ ಅಂತ ಹಟ ಹಿಡಿದಿದ್ದಾಳೆ. ಅವಳಿಗೆ ಯಾರು ಹೇಳಿಕೊಟ್ಟರೋ, ನಾನಂತೂ ಅಲ್ಲ.

ಗದ್ದೆ ಬದುವಿಗೆ ಈ ಸಲ ಔಷಧಿ ಹೊಡೆಸಿಲ್ಲ. ನಾಟಿಗೆ ಬಂದಿದ್ದ ಅಕ್ಕಂದಿರು ಹೊನಗೊನ್ನೆ, ಕಿರಕಸಾಲೆ ಬರುತ್ತಿದೆ ಅಂದರು. ಗೋಣಿ ಸೊಪ್ಪು ಮಾತ್ರ ಎಲ್ಲೂ ಕಾಣಿಸುತ್ತಿಲ್ಲ. ಹತ್ತು ವರ್ಷ ಹೊಡೆದ ಮೇಲೆ ಬೀಜವೇ ಉಳಿದಿಲ್ಲವೋ ಏನೋ. ಯಾರ ಹತ್ತಿರವಾದರೂ ಇದೆಯಾ?


ಕೂಲಿಯವಳ ಮಗ
ಡಿಸೆಂಬರ್ 14, ರಾತ್ರಿ 8.45

ಅಮ್ಮನ ಹತ್ತಿರ ಇದೆ ಅಕ್ಕ. ಹಿತ್ತಿಲ ಕಲ್ಲು ಸಂದಿಯಲ್ಲಿ ಒಂದಿಷ್ಟು ಉಳಿಸಿಕೊಂಡಿದ್ದಾರೆ. ಬೀಜ ಆಗಲು ಬಿಡಬೇಕು, ಈಗಲೇ ಕೀಳಬೇಡ ಅನ್ನುತ್ತಿದ್ದಾರೆ. ಸಂಕ್ರಾಂತಿ ಕಳೆದ ಮೇಲೆ ಬನ್ನಿ. ಬಸ್ಸು ಫ್ರೀ ಅಲ್ವಾ, ಅತ್ತಿಗೆಯನ್ನೂ ಕರೆದುಕೊಂಡು ಬನ್ನಿ. ಹೇಗೆ ಹಾಕೋದು ಅಂತ ಅಮ್ಮನೇ ಹೇಳುತ್ತಾರಂತೆ.